ನೀರಿಗಿಂತ ಮೊದಲು

ಅಣೆಕಟ್ಟು ಪ್ರಾಧಿಕಾರದ ಕಚೇರಿಯಲ್ಲಿ ಅವಳಿಗೆ ‘ಅಲ್ಪವಿರಾಮ’ ಎಂದು ಅಡ್ಡಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೆ ಅವಳಿಗೆ ಅದು ಗೊತ್ತಿಲ್ಲದ ಸಂಗತಿಯೇನೂ ಅಲ್ಲ. ಕಾನೂನು ವಿಭಾಗಕ್ಕೆ ಯಾವ ಕರಡು ಬಂದರೂ ಕೆಂಪು ಪೆನ್ನು ಹಿಡಿದು ಕೂರುತ್ತಿದ್ದಳು. ಇಲ್ಲೊಂದು ಅಲ್ಪವಿರಾಮ ಸೇರಿಸಿ, ಅಲ್ಲೊಂದು ತೆಗೆದು, ‘ಹೀಗಿದ್ದರೆ ಅರ್ಥ ಕೆಡುತ್ತೆ’ ಎಂದು ವಾಪಸು ಕಳಿಸುತ್ತಿದ್ದಳು. ಅವಳ ಜೊತೆಗೆ ಕೆಲಸಕ್ಕೆ ಸೇರಿದವರೆಲ್ಲ ಮೇಲಿನ ಮಹಡಿಗಳಿಗೆ ಹೋಗಿದ್ದರು. ಅವಳ ಮೇಜು ಮಾತ್ರ ನೆಲಮಹಡಿಯಲ್ಲಿ, ಜೆರಾಕ್ಸ್ ಯಂತ್ರದ ಪಕ್ಕದಲ್ಲಿ, ಇದ್ದಲ್ಲೇ ಇತ್ತು.

ಆ ವರ್ಷ ಒಂದು ಪ್ರಕಟಣೆ ಬಂತು. ನೀತಿ ರೂಪಿಸುವ ಅಧಿಕಾರಿಗಳಿಗೆ ಅಂತರರಾಷ್ಟ್ರೀಯ ಪರಿಸರ ಕಾನೂನಿನ ಆನ್‌ಲೈನ್ ತರಬೇತಿ. ಪ್ರಾಧಿಕಾರಕ್ಕೆ ಒಂದು ಸೀಟು. ವಾರಕ್ಕೆರಡು ದಿನ, ಬೆಳಗಿನ ಜಾವ ಪಾಠ. ಬೆಳಗಿನ ಜಾವ ಎಂದ ಕೂಡಲೇ ಮೇಲಿನ ಮಹಡಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಖ್ಯ ಎಂಜಿನಿಯರು ಹಿಂದೆ ಮುಂದೆ ನೋಡದೆ ಅವಳ ಹೆಸರು ಬರೆದರು.

“ಒಪ್ಪಂದಗಳು ಅಂದ್ರೆ ಬರೀ ಅಲ್ಪವಿರಾಮಗಳೇ ಅಂತೆ. ನಿಮಗೆ ಹಬ್ಬ ಬಿಡಿ,” ಎಂದು ನಕ್ಕರು.

ಅವಳೂ ನಕ್ಕಳು. ಮನೆಗೆ ಬಂದು ಲ್ಯಾಪ್‌ಟಾಪ್ ಇಡಲು ಜಾಗ ಹುಡುಕಿದಳು. ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ. ಮಲಗುವ ಕೋಣೆಯಲ್ಲಿ ಮೇಜಿಗೆ ಜಾಗವಿಲ್ಲ, ನಡುಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಕೊನೆಗೆ ಅಡುಗೆಮನೆಯ ಮೇಜೇ ಗತಿಯಾಯಿತು. ಗಂಡ ಬೇಕರಿಯಲ್ಲಿ ಬ್ರೆಡ್ಡು ಸುಡುವವನು. ಅವಳು ಏಳುವಷ್ಟರಲ್ಲಿ ಅವನು ಕೆಲಸಕ್ಕೆ ಹೋಗಿ ಆಗಿರುತ್ತಿತ್ತು. ಆದರೆ ಅತ್ತೆ ಇದ್ದರು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಕಿವಿ ಇನ್ನೂ ಚುರುಕು. ಜೀವನವಿಡೀ ಊರಿನವರ ಮಾತು ಕೇಳಿಸಿಕೊಂಡೂ ಕೇಳದವರ ಹಾಗೆ ಇದ್ದು ರೂಢಿ. ಬೆಳಿಗ್ಗೆ ಕಾಫಿ ಕಾಯಿಸಿಕೊಂಡು, ಕ್ಯಾಮೆರಾಗೆ ಕಾಣದ ಹಾಗೆ ಫ್ರಿಜ್ ಪಕ್ಕದ ಸ್ಟೂಲಿನ ಮೇಲೆ ಕುಳಿತುಬಿಡುತ್ತಿದ್ದರು.

“ಅತ್ತೆ, ನೀವು ಆರಾಮಾಗಿ ಮಲಗಬಹುದಲ್ಲ?”

“ನಾನೇನು ನಿನ್ನ ಪಾಠ ಕೇಳ್ತಿದೀನಾ? ಬೀನ್ಸ್ ಬಿಡಿಸ್ತಿದೀನಿ ಕಣೆ.”

ಬೀನ್ಸ್ ಇಲ್ಲದ ದಿನವೂ ಅವರು ಅಲ್ಲೇ ಇರುತ್ತಿದ್ದರು.

ಪಾಠ ಮಾಡುವ ಟೀಚರ್ ಇನ್ನೊಂದು ಖಂಡದಲ್ಲಿದ್ದರು. ಅವರಿಗೆ ಅದು ಸಂಜೆ. ಬಿಳಿ ಕೂದಲು, ಮೂಗಿನ ತುದಿಗೆ ಜಾರುವ ಕನ್ನಡಕ, ಆಗಾಗ ಕೀಬೋರ್ಡಿನ ಮೇಲೆ ನಡೆದು ಎಲ್ಲರ ಧ್ವನಿ ಮುಚ್ಚಿಹಾಕುವ ಒಂದು ದಪ್ಪ ಬೆಕ್ಕು. ದೇಶದೇಶಗಳ ನಡುವಿನ ಮಾತುಕತೆಯ ಮೇಜುಗಳಲ್ಲಿ ಕುಳಿತು ಪಳಗಿದ ಹೆಂಗಸು. ಮೊದಲ ಪಾಠದಲ್ಲೇ, ಒಂದು ದೇಶ ತನ್ನ ನೆಲದ ಮೇಲೆ ಏನು ಮಾಡಿದರೂ ಅದರಿಂದ ಪಕ್ಕದವರ ನೆಲಕ್ಕೆ, ನೀರಿಗೆ ದೊಡ್ಡ ಹಾನಿಯಾಗದಂತೆ ಎಚ್ಚರ ವಹಿಸಬೇಕು, ಹಾನಿಯಾದೀತು ಎಂಬ ಅನುಮಾನ ಬಂದರೆ ಮುಂಚೆಯೇ ಹೇಳಬೇಕು ಎಂದರು. “ಇಷ್ಟೇ. ಉಳಿದದ್ದೆಲ್ಲ ಇದರ ವಿವರ. ಆದರೆ ಆ ವಿವರಕ್ಕೇ ನನ್ನ ಆಯುಸ್ಸು ಹೋಯಿತು.”

ಪರದೆಯ ಮೇಲಿನ ಪುಟ್ಟ ಪುಟ್ಟ ಚೌಕಗಳಲ್ಲಿ ಹಲವು ದೇಶದವರಿದ್ದರು. ಬಂದರಿನ ಅಧಿಕಾರಿ, ಕಾಡಿನ ಅಧಿಕಾರಿ, ಸಂಸತ್ತಿಗೆ ವರದಿ ಬರೆದುಕೊಡುವವಳು. ಒಬ್ಬೊಬ್ಬರೇ ಪರಿಚಯ ಹೇಳಿಕೊಳ್ಳುವಾಗ, ಗೋಡೆಯ ಮೇಲೆ ತೇವದ ಕಲೆಯಿದ್ದ ಒಂದು ಕೋಣೆಯಿಂದ ನಡುವಯಸ್ಸಿನವನೊಬ್ಬ, ತಾನು ಮೀನುಗಾರಿಕೆ ಇಲಾಖೆಯವನೆಂದೂ ಇಂಥ ನದಿಯ ಕೆಳಭಾಗವನ್ನು ನೋಡಿಕೊಳ್ಳುವವನೆಂದೂ ಹೇಳಿದ. ಅವಳ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಅದು ಅವಳ ಅಣೆಕಟ್ಟಿನ ನದಿ. ಗಡಿ ದಾಟಿದ ಮೇಲೆ ಅವನ ನದಿ. ಒಂದೇ ನೀರಿನ ಮೇಲೆ ಇಬ್ಬರೂ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ಅವಳ ಸರದಿ ಬಂದಾಗ ಅವಳೂ ಹೇಳಿದಳು. ಅವನ ಹುಬ್ಬು ಸ್ವಲ್ಪ ಮೇಲಕ್ಕೆ ಹೋಯಿತು, ಅಷ್ಟೆ. ಇಬ್ಬರೂ ಸಭ್ಯರು. ಆ ಮಾತು ಎತ್ತಲಿಲ್ಲ.

ಕೆಲವು ವಾರಗಳಾದ ಮೇಲೆ ಟೀಚರ್ ಒಂದು ಅಭ್ಯಾಸ ಕೊಟ್ಟರು. ಕಾಲ್ಪನಿಕ ನದಿ, ಎರಡು ಕಾಲ್ಪನಿಕ ದೇಶ. ಮೇಲಿನ ದೇಶ ಅಣೆಕಟ್ಟಿನ ನೀರು ಬಿಡಬೇಕು. ಕೆಳಗಿನ ದೇಶಕ್ಕೆ ಅದರಿಂದ ತೊಂದರೆ. ಜೋಡಿ ಮಾಡಿದ್ದು ಚೀಟಿ ಎತ್ತಿ. ಅವಳಿಗೆ ಜೋಡಿಯಾದವನು ಆ ಮೀನಿನ ಅಧಿಕಾರಿಯೇ. ಅವನು ಮೇಲಿನ ದೇಶ, ಅವಳು ಕೆಳಗಿನದು. ಇಬ್ಬರನ್ನೂ ಪ್ರತ್ಯೇಕ ಕೋಣೆಗೆ, ಅಂದರೆ ಪರದೆಯ ಮೇಲೆ ಎರಡೇ ಚೌಕಗಳಿರುವ ಜಾಗಕ್ಕೆ, ಹಾಕಿದರು.

“ನಮ್ಮ ಮಾತಲ್ಲೇ ಮಾತಾಡೋಣವಾ ಮೇಡಂ?” ಎಂದ ಅವನು. ಗಡಿ ಬೇರೆಯಾದರೂ ನದಿಯ ಆಚೆ ಈಚೆ ಎರಡೂ ಕಡೆ ಆಡುವ ಮಾತು ಒಂದೇ. ಫ್ರಿಜ್ ಪಕ್ಕದ ಸ್ಟೂಲು ಸ್ವಲ್ಪ ಮುಂದಕ್ಕೆ ಸರಿಯಿತು.

“ಸರಿ. ಶುರು ಮಾಡಿ.”

ಅವನು ಗಂಟಲು ಸರಿಮಾಡಿಕೊಂಡ. “ನಾಳೆ ಬೆಳಿಗ್ಗೆ ನೀರು ಬಿಡ್ತೀವಿ. ಇದು ನಮ್ಮ ಸೂಚನೆ. ಮುಗೀತು.”

“ನಾಳೆ ಅಂದ್ರೆ? ಇದು ಸೂಚನೆ ಅಲ್ಲ. ಎಷ್ಟು ನೀರು, ಎಷ್ಟು ಹೊತ್ತು, ಅದರಲ್ಲಿ ಏನೇನಿರುತ್ತೆ, ಎಲ್ಲಾ ತಿಳಿಸ್ಬೇಕು. ಯೋಚನೆ ಮಾಡೋಕೆ ನಮಗೆ ಟೈಮ್ ಕೊಡ್ಬೇಕು. ಹೋದ ವಾರ ಓದಿದ್ವಲ್ಲ!” ಅವಳಿಗೆ ನಿಜವಾಗಿಯೇ ಕೋಪ ಬಂದಿತ್ತು.

“ನಾಳೆ ಅಂತ ಇವತ್ತು ಹೇಳಿದ್ದೇ ದೊಡ್ಡದು ಮೇಡಂ. ನಮಗೆ ಅಷ್ಟೂ ಸಿಗಲ್ಲ.”

ಆಟ ಎಲ್ಲಿ ಮುಗಿಯಿತು, ನಿಜ ಎಲ್ಲಿ ಶುರುವಾಯಿತು ಎಂದು ಅವಳಿಗೆ ಕೂಡಲೇ ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಬಿಸಿಯಾಯಿತು.

“ಪ್ರತಿ ಸಲ ನಾವು ಪತ್ರ ಕಳಿಸ್ತೀವಿ,” ಎಂದಳು.

“ಬರುತ್ತೆ ಮೇಡಂ. ಬರಲ್ಲ ಅಂತ ಯಾರು ಹೇಳಿದ್ರು? ನೀರು ಬಂದ ಮೇಲೆ ಬರುತ್ತೆ.”

ಪತ್ರ ಅವಳ ಕಚೇರಿಯಿಂದ ಅವಳ ರಾಜಧಾನಿಗೆ, ಅಲ್ಲಿಂದ ಅವನ ರಾಜಧಾನಿಗೆ, ಅಲ್ಲಿಂದ ನಾಲ್ಕಾರು ಮೇಜು ಸುತ್ತಿ ಅವನ ಕಚೇರಿಗೆ ಬರುವಷ್ಟರಲ್ಲಿ ಅಣೆಕಟ್ಟಿನ ತಳದಿಂದ ಬಿಟ್ಟ ಹೂಳೆಲ್ಲ ಹರಿದುಹೋಗಿ ನದಿ ಮತ್ತೆ ತಿಳಿಯಾಗಿರುತ್ತಿತ್ತು. ಹೋದ ವರ್ಷ ನದಿಯಲ್ಲಿ ಸಾಲಾಗಿ ಬಲೆಯ ಪಂಜರ ಕಟ್ಟಿ ಮೀನಿನ ಮರಿ ಬಿಟ್ಟಿದ್ದರಂತೆ. ಬಗ್ಗಡ ನೀರು ಬಂದ ಬೆಳಿಗ್ಗೆ ಅವನು ದೋಣಿಯಲ್ಲಿ ಹೋಗಿ ಒಂದು ಪಂಜರ ಎತ್ತಿದ. ಸತ್ತ ಮರಿಗಳ ಕಿವಿರಿನ ತುಂಬ ಕೆಸರು. “ಎತ್ತೋದೇ ಕಷ್ಟ ಆಯ್ತು ಮೇಡಂ, ಅಷ್ಟು ಭಾರ. ಪಕ್ಕದಲ್ಲಿ ಮೀನುಗಾರರು ನಿಂತಿದ್ರು. ಯಾಕೆ ಸಾರ್ ಮೊದಲೇ ಹೇಳಲಿಲ್ಲ ಅಂತ ನನ್ನ ಕೇಳಿದ್ರು. ನಾನೇನು ಹೇಳ್ಲಿ? ಹೇಳೋರಿಲ್ಲ ಕೇಳೋರಿಲ್ಲ ಅನ್ನೋ ಹಾಗಾಗಿದೆ ನಮ್ಮ ನದಿ.”

ಅಷ್ಟರಲ್ಲಿ ಸಮಯ ಮುಗಿದು ಟೀಚರ್ ಎಲ್ಲರನ್ನೂ ವಾಪಸು ಕರೆದುಕೊಂಡರು. ನಿಮ್ಮ ಜೋಡಿಗೆ ಒಪ್ಪಂದವಾಯಿತೇ ಎಂದು ಕೇಳಿದಾಗ ಇಬ್ಬರೂ ಒಟ್ಟಿಗೆ “ಇಲ್ಲ” ಎಂದರು.

ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ಅವಳು ಎದ್ದಿರಲಿಲ್ಲ. “ಮೈಮೇಲೆ ಬಿದ್ದು ಜಗಳ ತೆಗೆದ ಹಾಗೆ ಮಾತಾಡಿದ, ನೋಡಿ ಅತ್ತೆ.”

“ಅದು ಜಗಳ ಅಲ್ಲ ಕಣೆ.” ಅತ್ತೆ ಲೋಟ ತೊಳೆಯುತ್ತಿದ್ದರು. “ಇಂಥ ಧ್ವನಿ ನಾನು ಎಕ್ಸ್‌ಚೇಂಜಲ್ಲಿ ಬೇಕಾದಷ್ಟು ಕೇಳಿದೀನಿ. ಲೈನ್ ಸಿಗದೆ ಸಿಗದೆ ಸಾಕಾಗಿ ಹೋದವರು ಹಾಗೇ ಮಾತಾಡೋದು. ಬೈಯೋರಿಗೆ ಇನ್ನೂ ಶಕ್ತಿ ಇರುತ್ತೆ. ಇವನಿಗೆ ಅದೂ ಇಲ್ಲ.”

ಅವತ್ತೇ ಕಚೇರಿಯಲ್ಲಿ ಅವಳ ಮೇಜಿಗೆ ಆ ವರ್ಷದ ಪತ್ರದ ಕರಡು ಬಂತು. ಮಳೆಗಾಲಕ್ಕೆ ಮುಂಚೆ ತಳದ ತೂಬು ತೆರೆದು ಹೂಳು ಹೊರಹಾಕುವುದಾಗಿ, ದಿನಾಂಕ ಸಮೇತ, ರಾಜಧಾನಿಗೆ ತಿಳಿಸುವ ಪತ್ರ. ಅವಳು ಕೆಂಪು ಪೆನ್ನು ತೆಗೆಯಲೇ ಇಲ್ಲ. ಹಾಳೆ ಹಿಡಿದುಕೊಂಡು ಸೀದಾ ಮುಖ್ಯ ಎಂಜಿನಿಯರ ಕೋಣೆಗೆ ಹೋದಳು.

ಅವರು ಕೆಟ್ಟವರಲ್ಲ. ದಿನಾ ಬೆಳಿಗ್ಗೆ ಅಣೆಕಟ್ಟಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು, ಗೋಡೆ ಮುಟ್ಟಿ ನೋಡಿ, ಆಮೇಲೆ ಕಚೇರಿಗೆ ಬರುವ ಮನುಷ್ಯ. ಅವಳು ಹೇಳಿದ್ದನ್ನೆಲ್ಲ ಕೇಳಿ, ಬೂಟಿಗೆ ಮೆತ್ತಿದ ಮಣ್ಣನ್ನು ಕೆರೆದು ತೆಗೆದರು.

“ನೋಡಿ, ತೂಬಿನ ಬಾಯಿಗೆ ಹೂಳು ಕಟ್ಟಿದೆ. ಈಗ ತೆಗೀದಿದ್ರೆ ಪ್ರವಾಹ ಬಂದಾಗ ಗೇಟು ಏಳಲ್ಲ. ಗೇಟು ಏಳದಿದ್ರೆ ಕೆಳಗೆ ಹೋಗೋದು ಮೀನಲ್ಲ, ಮನುಷ್ಯರು. ಅವರ ಮನುಷ್ಯರೂ ಸೇರಿ. ಮುಂಚೆ ಹೇಳಿದ್ರೆ ಏನಾಗುತ್ತೆ? ಬೇಡ ಅಂತಾರೆ. ತಡೆಯಾಜ್ಞೆ, ಪ್ರತಿಭಟನೆ, ಪೇಪರಲ್ಲಿ ಫೋಟೋ. ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೋಬೇಕಾ?”

ಅವರ ಮಾತು ಸುಳ್ಳಲ್ಲ. ಅವಳು ಕರಡನ್ನು ವಾಪಸು ತಂದು ಡ್ರಾಯರಿನಲ್ಲಿಟ್ಟಳು. ಮನೆಯಲ್ಲಿ ಊಟ ಸೇರಲಿಲ್ಲ. ಗಂಡ ಕೇಳಿದ, “ಏನೇ, ಬ್ರೆಡ್ಡು ಸೀದಿದೆಯಾ?” ಸೀದಿರಲಿಲ್ಲ. ನಡೆದದ್ದನ್ನು ಹೇಳಿದಳು. ಅವನು ಎಲ್ಲ ಕೇಳಿ, “ಎರಡು ಕಡೆಯವರೂ ಸರಿಯಾಗೇ ಹೇಳ್ತಿದಾರಲ್ಲೇ. ತಪ್ಪು ಹೇಳೋರಿದ್ರೆ ಸುಲಭ ಆಗ್ತಿತ್ತು,” ಎಂದು ಮಲಗಲು ಹೋದ.

ಮುಂದಿನ ಪಾಠದ ಕೊನೆಗೆ ಪ್ರಶ್ನೆ ಕೇಳುವ ಸಮಯ. ಯಾವ ನದಿ, ಯಾವ ದೇಶ ಎಂದು ಹೇಳದೆ ಅವಳು ಕೇಳಿದಳು: ಮೇಲಿನವರಿಗೂ ನಿಜವಾದ ಅಪಾಯ, ಕೆಳಗಿನವರಿಗೂ ನಿಜವಾದ ನಷ್ಟ, ಆಗ ಕಾನೂನು ಯಾರ ಕಡೆ?

ಟೀಚರ್ ಬೆಕ್ಕನ್ನು ಮೇಜಿನಿಂದ ಇಳಿಸಿದರು. “ಯಾರ ಕಡೆಯೂ ಅಲ್ಲ. ಇಬ್ಬರನ್ನೂ ಒಂದೇ ಮೇಜಿಗೆ ತಂದು ಕೂರಿಸೋದಷ್ಟೇ ಅದರ ಕೆಲಸ. ನಾನು ನೋಡಿದ ಮಟ್ಟಿಗೆ, ದೇಶಗಳು ಕೆಟ್ಟ ಬುದ್ಧಿಯಿಂದ ಹೇಳದೆ ಇರೋದು ಕಡಿಮೆ. ಹೇಳೋ ಕೆಲಸ ಯಾರದ್ದು ಅಂತ ಗೊತ್ತಿಲ್ಲದೆ ಸುಮ್ಮನಿರೋದೇ ಹೆಚ್ಚು. ನಿಮ್ಮ ಈ ಮೇಲಿನ ದೇಶದಲ್ಲಿ ಆ ಕೆಲಸ ಯಾರದ್ದು?”

ಅವಳಿಗೆ ಗೊತ್ತಿರಲಿಲ್ಲ. ಪರದೆಯ ಮೂಲೆಯ ಚೌಕದಲ್ಲಿ ಮೀನಿನ ಅಧಿಕಾರಿ ಬಾಯಿಗೆ ಕೈ ಅಡ್ಡ ಹಿಡಿದು, ಬಗ್ಗಿ ಏನೋ ಬರೆದುಕೊಳ್ಳುತ್ತಿದ್ದ.

ಕಚೇರಿಯಲ್ಲಿ ಕೇಳಿದಳು. ಯಾರಿಗೂ ಗೊತ್ತಿಲ್ಲ. ಮೊದಲಿನಿಂದ ರಾಜಧಾನಿಗೆ ಬರೆಯುತ್ತಾ ಬಂದಿದ್ದಾರೆ, ಬರೆಯುತ್ತಿದ್ದಾರೆ. ಅವಳು ಮತ್ತೆ ಮುಖ್ಯ ಎಂಜಿನಿಯರ ಬಾಗಿಲು ತಟ್ಟಿದಳು.

“ಸರ್, ಆ ಮೀನುಗಾರಿಕೆ ಇಲಾಖೆಗೆ ನಾವೇ ನೇರವಾಗಿ ಹೇಳೋಣ. ಹೇಳೋದು ಅಂದ್ರೆ ಅವರ ಅಪ್ಪಣೆ ಕೇಳೋದು ಅಂತಲ್ಲ. ಅವರು ಬೇಡ ಅಂದ ಮಾತ್ರಕ್ಕೆ ನಾವು ನಿಲ್ಲಿಸ್ಬೇಕು ಅಂತಾನೂ ಇಲ್ಲ. ಆದ್ರೆ ಹೇಳಿದ ಮೇಲೆ ಅವರು ಹೇಳೋದನ್ನ ನಾವು ಕೇಳ್ಬೇಕು. ಕೇಳಿ, ಆಗೋದನ್ನ ಮಾಡ್ಬೇಕು.”

“ಅಪ್ಪಣೆ ಕೇಳೋದಲ್ಲ, ಮಾತು ಕೇಳೋದು.” ಅವರು ನಕ್ಕರು. “ಈಗ ತಾನೇ ಒಂದು ಪದಕ್ಕೆ ಎರಡು ಅರ್ಥ ಕಟ್ಟಿದ್ರಿ. ನಿಮಗೆ ಅಲ್ಪವಿರಾಮ ಅನ್ನೋ ಹೆಸರು ಸಾಲದು ಅಂತ ಕಾಣುತ್ತೆ.” ಆ ಹೆಸರನ್ನು ಅವರು ಎದುರಿಗೇ ಆಡಿದ್ದು ಅದೇ ಮೊದಲು. ಇಬ್ಬರಿಗೂ ಒಂದು ಕ್ಷಣ ಮುಜುಗರವಾಯಿತು. ಆಮೇಲೆ ಅವರೇ ಹೇಳಿದರು, “ರಾಜಧಾನಿಗೆ ಹೋಗಿ ಬನ್ನಿ. ಅವರು ಒಪ್ಪಿದ್ರೆ ನನ್ನ ಅಡ್ಡಿ ಇಲ್ಲ. ಒಪ್ಪಲ್ಲ, ಅದು ಬೇರೆ ಮಾತು.”

ರೈಲಿನಲ್ಲಿ ಹೋಗುವಾಗ ಅವಳು ವಾದದ ಮೇಲೆ ವಾದ ಹೆಣೆದಳು. ಕಲಿತ ತತ್ವಗಳು, ನ್ಯಾಯಾಲಯಗಳು ಹೇಳಿದ ಮಾತುಗಳು, ಎಲ್ಲವನ್ನೂ ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡಳು. ವಿದೇಶಾಂಗ ಕಚೇರಿಯ ಉದ್ದನೆಯ ಓಣಿಯಲ್ಲಿ, ಒಂದೇ ಥರದ ಬಾಗಿಲುಗಳ ಮುಂದೆ ದಾರಿ ತಪ್ಪಿ ತಪ್ಪಿ, ಕೊನೆಗೆ ನೆರೆದೇಶದ ವಿಷಯ ನೋಡಿಕೊಳ್ಳುವ ಅಧಿಕಾರಿಣಿಯ ಕೋಣೆ ಸಿಕ್ಕಿತು. ಆಕೆ ಟೀ ಕುಡಿಯುವ ಮಗ್ಗಿನಲ್ಲಿ ನೀರು ತುಂಬಿ ಕಿಟಕಿಯ ಬಳಿಯ ಗಿಡಕ್ಕೆ ಹಾಕುತ್ತಿದ್ದಳು. ಮೇಜಿನ ಮೇಲೆ ಫೈಲುಗಳು ಗೋಡೆ ಕಟ್ಟಿದ ಹಾಗಿದ್ದವು.

ಅವಳು ಉಸಿರು ಬಿಗಿಹಿಡಿದು ಮೊದಲ ವಾಕ್ಯ ಹೇಳಿದಳು: ಹೂಳು ಹೊರಹಾಕುವ ಬಗ್ಗೆ ತಾಂತ್ರಿಕ ವಿವರಗಳನ್ನು ನಮ್ಮ ಕಚೇರಿ ನೇರವಾಗಿ ಆ ದೇಶದ ಮೀನುಗಾರಿಕೆ ಇಲಾಖೆಗೆ ತಿಳಿಸಲು ಅನುಮತಿ ಬೇಕು.

“ತಿಳಿಸಬಾರದು ಅಂತ ಯಾರು ಹೇಳಿದ್ರು?” ಎಂದಳು ಅಧಿಕಾರಿಣಿ.

ಅವಳು ತಬ್ಬಿಬ್ಬಾದಳು. “ಯಾರೂ… ಹಾಗೇ ನಡ್ಕೊಂಡು ಬಂದಿದೆ.”

“ಅಯ್ಯೋ ದೇವರೇ. ಈ ಪತ್ರ ನಮಗೆ ಯಾಕೆ ಬರುತ್ತೆ ಅಂತ ನಮಗೂ ಗೊತ್ತಿರಲಿಲ್ಲ ಕಣ್ರೀ. ಹೂಳು, ತೂಬು, ಘನಮೀಟರು. ಓದಿದ್ರೆ ತಲೆಬುಡ ಗೊತ್ತಾಗಲ್ಲ. ಏನೋ ಗುಟ್ಟಿನ ವಿಷಯ ಇರ್ಬೇಕು ಅಂತ ಒಂದಕ್ಕೆರಡು ಸಲ ನೋಡಿ, ಜೋಪಾನವಾಗಿ ಮುಂದಕ್ಕೆ ಕಳಿಸ್ತಿದ್ವಿ.” ಆಕೆ ಮಗ್ಗನ್ನು ಕೆಳಗಿಟ್ಟು ಜೋರಾಗಿ ನಕ್ಕಳು. ಅವಳಿಗೂ ನಗು ತಡೆಯಲಾಗಲಿಲ್ಲ. ರೈಲಿನಲ್ಲಿ ಹೆಣೆದದ್ದೆಲ್ಲ ಹಾಗೇ ಉಳಿಯಿತು.

ಷರತ್ತುಗಳೇನೋ ಇದ್ದವು. ಪ್ರತಿಯೊಂದರ ಪ್ರತಿ ಈ ಕೋಣೆಗೂ ಬರಬೇಕು. ಗಡಿ, ಪರಿಹಾರ ಎಂದು ಬಾಯಿ ತಪ್ಪಿಯೂ ಮಾತು ಕೊಡಬಾರದು. ಆ ಕಡೆಯ ಸಚಿವಾಲಯವೂ ಒಪ್ಪಬೇಕು. ಅಲ್ಲಿನವರ ಜೊತೆ ತಾನೇ ಮಾತಾಡುತ್ತೇನೆ ಎಂದಳು ಅಧಿಕಾರಿಣಿ. ಆಡಿದಂತೆ ನಡೆದುಕೊಂಡಳು. ಆದರೂ ಆ ಕಡೆಯ ಉತ್ತರ ಬರುವವರೆಗೆ ಅವಳಿಗೆ ಮುಳ್ಳಿನ ಮೇಲೆ ಕುಳಿತ ಹಾಗೆ. ಮುಖ್ಯ ಎಂಜಿನಿಯರು ದಿನಾ ಆಕಾಶ ನೋಡುತ್ತಿದ್ದರು, ಅವಳು ದಿನಾ ಇ-ಮೇಲ್ ನೋಡುತ್ತಿದ್ದಳು. ಉತ್ತರ ಬಂದ ದಿನ ಜೆರಾಕ್ಸ್ ಯಂತ್ರದ ಪಕ್ಕದಲ್ಲೇ ನಿಂತು, ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ, “ಬಂತು!” ಎಂದು ಕೂಗಿಬಿಟ್ಟಳು.

ಮೊದಲ ಮಾತುಕತೆ ಪ್ರಾಧಿಕಾರದ ಸಭಾಂಗಣದಲ್ಲಿ, ದೊಡ್ಡ ಪರದೆಯ ಮೇಲೆ. ಆ ಕಡೆ ಮೀನಿನ ಅಧಿಕಾರಿ, ಅದೇ ತೇವದ ಗೋಡೆಯ ಮುಂದೆ. ಈ ಕಡೆ ಮುಖ್ಯ ಎಂಜಿನಿಯರು, ಪಕ್ಕದಲ್ಲಿ ಅವಳು. ಆರಂಭವೇನೂ ಚೆನ್ನಾಗಿರಲಿಲ್ಲ. ಅವನು ಮರಿಗಳು ಬಲಿಯುವವರೆಗೆ ಒಂದು ತಿಂಗಳು ತಡೆಯಿರಿ ಎಂದ. ಇವರು ಮೋಡಕ್ಕೆ ಯಾರು ಹೇಳ್ತಾರೆ, ನೀವು ಹೇಳ್ತೀರಾ ಎಂದರು. ಅವನು ಹೋದ ವರ್ಷದ ಲೆಕ್ಕ ತೆಗೆದ. ಇವರು ಪ್ರವಾಹದ ಲೆಕ್ಕ ತೆಗೆದರು. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಂಬಂತಾಯಿತು. ಇಬ್ಬರ ಧ್ವನಿಯೂ ಏರಿತು. ಇನ್ನೊಂದು ಗಳಿಗೆ ಬಿಟ್ಟರೆ ಯಾರಾದರೊಬ್ಬರು ಪರದೆ ಆರಿಸುತ್ತಾರೆ ಎಂದು ಅವಳಿಗೆ ಅನಿಸಿತು.

“ಒಂದು ನಿಮಿಷ,” ಎಂದಳು. ಮೀನಿನ ಅಧಿಕಾರಿಯ ಕಡೆ ತಿರುಗಿದಳು. “ನಿಮ್ಮ ಮರಿಗಳು ಸ್ವಲ್ಪವೂ ಬಗ್ಗಡ ತಡ್ಕೊಳ್ಳಲ್ವಾ? ಇಲ್ಲಾ, ಇಷ್ಟು ಹೊತ್ತು ಅಂತ ಏನಾದ್ರೂ ಇದೆಯಾ?”

ಅವನು ಆ ಪ್ರಶ್ನೆ ನಿರೀಕ್ಷಿಸಿರಲಿಲ್ಲ. “ತಡ್ಕೊಳ್ತವೆ… ಸ್ವಲ್ಪ ಹೊತ್ತು ಅಂದ್ರೆ ತಡ್ಕೊಳ್ತವೆ. ನಡುನಡುವೆ ತಿಳಿನೀರು ಬಂದು ಕಿವಿರು ತೊಳೆದುಕೊಂಡು ಹೋದ್ರೆ ಬದುಕ್ತವೆ. ಒಂದೇ ಸಮನೆ ಬಂದ್ರೆ ಮಾತ್ರ ಮುಗೀತು.”

ಮುಖ್ಯ ಎಂಜಿನಿಯರು ಕುರ್ಚಿಗೆ ಒರಗಿದ್ದವರು ಮುಂದೆ ಬಗ್ಗಿದರು. ಮೇಜಿನ ಮೇಲೆ ಬೆರಳಿನಿಂದ ಏನೋ ಗೀಚಿದರು. “ಮೇಲಿನ ಗೇಟಿಂದ ತಿಳಿನೀರು ಬಿಡಬಹುದು,” ಎಂದರು, ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ. “ಕೆಳಗಿನ ತೂಬು ಒಂದಷ್ಟು ಹೊತ್ತು ತೆರೆಯೋದು, ಮುಚ್ಚೋದು, ಮೇಲಿಂದ ತಿಳಿನೀರು ಬಿಡೋದು. ನಮ್ಮ ನೀರು ಸ್ವಲ್ಪ ದಂಡ ಆಗುತ್ತೆ… ಆಗ್ಲಿ. ಆದ್ರೆ ನೀರು ಎಷ್ಟು ಬಗ್ಗಡ ಇದೆ ಅಂತ ಅಲ್ಲಿಂದ ನನಗೆ ಯಾರಾದ್ರೂ ಹೇಳ್ತಾ ಇರ್ಬೇಕು.”

“ನಾನೇ ದೋಣಿಯಲ್ಲಿ ಇರ್ತೀನಿ ಸಾರ್. ಪಂಜರ ಎಳೆದು ಪಕ್ಕದ ಮಡುವಿಗೆ ಸೇರಿಸೋಕೆ ನಮ್ಮವರಿಗೂ ಹೇಳ್ತೀನಿ. ಒಂದು ವಾರ ಟೈಮ್ ಕೊಡಿ.”

“ಒಂದು ವಾರ ಕೊಟ್ಟೆ.”

ಸಭೆ ಮುಗಿದ ಮೇಲೆ ಎಂಜಿನಿಯರು ಲೆಕ್ಕ ಹಾಕುವವರನ್ನು ಕರೆಸಿ ಹೊಸ ನಕ್ಷೆ ಬರೆಸಲು ಕುಳಿತರು. ಅವರ ಕೋಣೆಯಿಂದ ಊಟದ ಹೊತ್ತು ಮೀರಿದರೂ ಸದ್ದು ಬರುತ್ತಿತ್ತು.

ತೂಬು ತೆರೆದ ಬೆಳಿಗ್ಗೆ ಅವಳೂ ಅಣೆಕಟ್ಟಿನ ಮೇಲಿದ್ದಳು. ಕೆಳಗಿನಿಂದ ಮೊದಲು ಗುಡುಗಿನಂಥ ಸದ್ದು, ಆಮೇಲೆ ಕಂದು ಬಣ್ಣದ ನೀರು. ನೀರಲ್ಲ ಅದು, ಹರಿಯುವ ನೆಲ. ಕೊಳೆತ ಎಲೆಯ ವಾಸನೆ ಮೂಗಿಗೆ ಅಡರಿತು. ಎಂಜಿನಿಯರ ಕೈಯಲ್ಲಿ ಫೋನು, ಸ್ಪೀಕರಿನ ಮೇಲೆ. ಗಡಿಯಾಚೆಯಿಂದ ದೋಣಿಯ ಮೋಟಾರಿನ ಸದ್ದು ಕೇಳುತ್ತಿತ್ತು. ಬಗ್ಗಡ ಅಲ್ಲಿಗೆ ಮುಟ್ಟಲು ಹೊತ್ತು ಬೇಕು. ಕಾದರು. ಮುಟ್ಟಿತು. ಅವನು ಅಳೆದು ಅಳೆದು ಹೇಳುತ್ತಾ ಹೋದ. ಪರವಾಗಿಲ್ಲ, ಪರವಾಗಿಲ್ಲ, ಜಾಸ್ತಿ ಆಗ್ತಿದೆ. ಆಮೇಲೆ ಧ್ವನಿ ಬದಲಾಯಿತು.

“ಸಾರ್, ನಿಲ್ಸಿ.”

ಎಂಜಿನಿಯರು ಫೋನನ್ನೇ ನೋಡಿದರು. ಅವರ ಗೇಟನ್ನು ಇನ್ನೊಂದು ದೇಶದಿಂದ ಯಾರೋ ನಿಲ್ಲಿಸಿ ಎಂದದ್ದು ಅವರ ಸರ್ವಿಸಿನಲ್ಲೇ ಇರಲಿಲ್ಲ. ಮರುಕ್ಷಣವೇ ಗೇಟಿನ ಕೋಣೆಯ ಕಡೆ ತಿರುಗಿ, “ಇಳಿಸ್ರೋ! ಮೇಲಿನದು ಎತ್ತಿ!” ಎಂದು ಕೂಗಿದರು.

ಹಾಗೆ ತೆರೆದು, ಮುಚ್ಚಿ, ತೊಳೆದು ಎರಡು ದಿನ ಸಾಗಿತು. ಮೂರನೆಯ ದಿನ ಬೆಟ್ಟದ ಕಡೆಯಿಂದ ಮೋಡ ಎದ್ದಿತು. ಹವಾಮಾನದವರು ಹೇಳಿದ್ದಕ್ಕಿಂತ ಬಹಳ ಮುಂಚೆ. ತೂಬಿನ ಬಾಯಿ ಇನ್ನೂ ಪೂರ್ತಿ ಬಿಡುಗಡೆಯಾಗಿರಲಿಲ್ಲ. ಎಂಜಿನಿಯರು ಗಡಿಯಾಚೆಯ ದೋಣಿಗೆ ಫೋನು ಮಾಡಿದರು.

“ಇನ್ನು ನಡುನಡುವೆ ನಿಲ್ಸೋಕಾಗಲ್ಲ,” ಎಂದರು. “ಉಳಿದದ್ದು ಒಟ್ಟಿಗೇ ಬಿಡ್ಬೇಕು.”

ಆ ಕಡೆ ಮೋಟಾರಿನ ಸದ್ದು ನಿಂತಿತು.

“ಗೊತ್ತು ಸಾರ್,” ಎಂದ ಮೀನಿನ ಅಧಿಕಾರಿ. “ನನಗೂ ಆಕಾಶ ಕಾಣುತ್ತೆ. ಅರ್ಧ ಗಂಟೆ ಕೊಡಿ. ಹೊಳೆ ನಡುವೆ ಇನ್ನೂ ಕೆಲವು ಪಂಜರ ಇವೆ. ಆದಷ್ಟು ಎಳ್ಕೊಳ್ತೀವಿ.”

ಅರ್ಧ ಗಂಟೆ ಕೊಟ್ಟರು. ಆಮೇಲೆ ತೂಬು ಪೂರ್ತಿ ಎತ್ತಿದರು. ಸಂಜೆಗೆ ಮಳೆ ಬಂತು. ಗೇಟುಗಳು ಎದ್ದವು, ಪ್ರವಾಹ ತನ್ನ ಪಾಡಿಗೆ ಇಳಿದುಹೋಯಿತು. ಗಡಿಯಾಚೆ ಮಡುವಿಗೆ ಸೇರಿಸಿದ್ದ ಮರಿಗಳು ಉಳಿದವು. ಹೊಳೆಯ ನಡುವೆ ಸಿಕ್ಕಿಕೊಂಡ ಪಂಜರಗಳು ಹೋದವು. ಎಲ್ಲವೂ ಉಳಿಯಲಿಲ್ಲ, ಎಲ್ಲವೂ ಹೋಗಲಿಲ್ಲ. ಹೋದ ವರ್ಷಕ್ಕೆ ಹೋಲಿಸಿದರೆ ಇದು ಬೇರೆ ಜನ್ಮ ಎಂದು ಅವನು ಬರೆದ.

ತರಬೇತಿಯ ಕೊನೆಯ ಪಾಠದಲ್ಲಿ ಪ್ರತಿ ಜೋಡಿಯೂ ತಮ್ಮ ಕಾಲ್ಪನಿಕ ನದಿಯ ಬಗ್ಗೆ ಮಾತಾಡಬೇಕಿತ್ತು. ಇವರಿಬ್ಬರೂ ತಮ್ಮದು ಕಾಲ್ಪನಿಕವಾಗಿ ಉಳಿಯಲಿಲ್ಲ ಎಂದು ಶುರುಮಾಡಿದರು. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹೇಳಿದರು. ಟೀಚರ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಬೆಕ್ಕು ಕೀಬೋರ್ಡಿನ ಮೇಲೆ ಬಂದು ಎಲ್ಲರ ಧ್ವನಿ ಮುಚ್ಚಿಹಾಕಿತು. ಅವರು ಅದನ್ನು ಇಳಿಸುವ ಗೊಡವೆಗೂ ಹೋಗಲಿಲ್ಲ. ಚೌಕಗಳಲ್ಲೆಲ್ಲ ಜನ ಸದ್ದಿಲ್ಲದೆ ಚಪ್ಪಾಳೆ ತಟ್ಟುತ್ತಿದ್ದರು. ಅಡುಗೆಮನೆಯಲ್ಲಿ ಮಾತ್ರ ಒಬ್ಬರ ಚಪ್ಪಾಳೆ ಕೇಳುವ ಹಾಗಿತ್ತು.

“ಬೀನ್ಸ್ ಎಲ್ಲಿ ಅತ್ತೆ?” ಎಂದಳು ಅವಳು, ಕಣ್ಣು ಒರೆಸಿಕೊಳ್ಳುತ್ತಾ.

“ಸುಮ್ನಿರೇ. ಬೀನ್ಸ್ ಯಾರಿಗೆ ಬೇಕು!”

ಮಳೆಗಾಲ ಕಳೆದ ಮೇಲೆ ಆ ಕಡೆಯಿಂದ ಆಹ್ವಾನ ಬಂತು. ನದಿ ನೋಡಿ ಹೋಗಿ, ಮುಂದಿನ ವರ್ಷದ ಬಗ್ಗೆ ಕೂತು ಮಾತಾಡೋಣ ಎಂದು. ಮುಖ್ಯ ಎಂಜಿನಿಯರು ಹೊರಟರು, ಅವಳೂ ಹೊರಟಳು. ಅತ್ತೆ ತಮ್ಮ ಬಸ್ಸಿನ ಟಿಕೆಟ್ಟು ತಾವೇ ತೆಗೆಸಿಕೊಂಡು ತಯಾರಾಗಿ ನಿಂತಿದ್ದರು. “ಧ್ವನಿ ಕೇಳಿದೀನಿ, ಮುಖ ನೋಡ್ಬೇಕು,” ಎಂದರು. ಗಂಡ ಬೇಕರಿಯಿಂದ ಒಂದು ಚೀಲ ಬಿಸಿ ಬ್ರೆಡ್ಡು, ಬನ್ನು ಕಟ್ಟಿಕೊಟ್ಟ. ಗಡಿಯಲ್ಲಿ ತಪಾಸಣೆಯವರು ಚೀಲ ಬಿಚ್ಚಿಸಿ, ಮೂಸಿ ನೋಡಿ, ಅರ್ಧ ಡಜನ್ ಬನ್ನು ಪ್ರೀತಿಯಿಂದ ಇಟ್ಟುಕೊಂಡರು.

ಬಸ್ ನಿಲ್ದಾಣದಲ್ಲಿ ಅವನು ಕಾಯುತ್ತಿದ್ದ. ಪರದೆಯ ಮೇಲೆ ಮುಖ ಮಾತ್ರ ಕಂಡಿದ್ದರಿಂದ ಅವನು ಎತ್ತರದ ಆಳು ಎಂದು ಅವಳು ಯಾಕೋ ನಂಬಿದ್ದಳು. ಅವಳ ಭುಜದಷ್ಟಿದ್ದ. ಅವನೂ ಅವಳನ್ನು ಕೆಳಗಿನಿಂದ ಮೇಲೆ ನೋಡಿ, “ಮೇಡಂ, ನೀವು ಇಷ್ಟು ಉದ್ದ ಅಂತ ಕ್ಲಾಸಲ್ಲಿ ಯಾರೂ ಹೇಳಲೇ ಇಲ್ಲ,” ಎಂದ. ಅತ್ತೆ ಅವನ ಗಲ್ಲ ಹಿಡಿದು ನೋಡಿ, “ಈಗ ಧ್ವನಿ ಸರಿಯಾಗಿದೆ,” ಎಂದರು. ಅವನಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದ.

ನದಿ ದಡದಲ್ಲಿ ಬಲೆಗಳು ಒಣಗುತ್ತಿದ್ದವು. ಮೀನುಗಾರರು ಗುಂಪಾಗಿ ನಿಂತಿದ್ದರು. ಯಾರೂ ಹೂವಿನ ಹಾರ ಹಿಡಿದು ಬಂದಿರಲಿಲ್ಲ. ಅವರಲ್ಲಿ ಒಬ್ಬಳು, ಕೈಯಲ್ಲಿ ಬಲೆ ಹೊಲಿಯುವ ಸೂಜಿ ಹಿಡಿದೇ, ನೇರ ಮುಂದೆ ಬಂದಳು.

“ಮೇಲಿನ ನೀರಿನೋರು ನೀವೇನಾ?”

“ಹೌದಮ್ಮ, ನಾವೇ.”

“ನನ್ನ ಎರಡು ಪಂಜರ ಹೊಳೆ ನಡುವೆ ಹೋದ್ವು. ಅರ್ಧ ಗಂಟೆ ಕೊಟ್ರಂತೆ. ಅರ್ಧ ಗಂಟೇಲಿ ನಾನು, ನನ್ನ ಗಂಡ, ಇಬ್ಬರು ಎಷ್ಟು ಎಳೆಯೋಕಾಗುತ್ತೆ? ಹಗ್ಗ ಕೈ ಕೊಯ್ದುಬಿಡ್ತು, ನೋಡಿ ಇಲ್ಲಿ.” ಅವಳು ಅಂಗೈ ಬಿಚ್ಚಿ ತೋರಿಸಿದಳು. ಗಾಯ ಮಾಗಿ ಗೆರೆಯಾಗಿತ್ತು. ಅವಳು ಹೇಳುತ್ತಾ ಹೋದಳು; ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಅವಳ ಅಪ್ಪನ ಕಾಲದ್ದು. ಮೀನಿನ ಅಧಿಕಾರಿ ಮುಜುಗರದಿಂದ, “ಅಕ್ಕ, ಅತಿಥಿಗಳು…” ಎಂದು ನಡುವೆ ಬರಲು ನೋಡಿದ. ಮುಖ್ಯ ಎಂಜಿನಿಯರು ಕೈಯೆತ್ತಿ ಅವನನ್ನು ತಡೆದರು. ಬಿಸಿಲಿನಲ್ಲಿ ನಿಂತು ಪೂರ್ತಿ ಕೇಳಿದರು.

ಅವಳು ಹೇಳಿ ಮುಗಿಸಿ, ಸೂಜಿಯನ್ನು ಮುಡಿಗೆ ಸಿಕ್ಕಿಸಿಕೊಂಡಳು. ಕೋಪ ಇಳಿದಿರಲಿಲ್ಲ, ಆದರೆ ಮುಖದಲ್ಲಿ ಬೇರೇನೋ ಲೆಕ್ಕಾಚಾರ ನಡೆಯುತ್ತಿತ್ತು.

“ಸರಿ. ಮುಂದಿನ ಸಲ ಯಾವಾಗ ಬಿಡ್ತೀರಿ?”

ಎಂಜಿನಿಯರು ಯಾವ ತಿಂಗಳು, ಯಾವ ವಾರ ಎಂದು ಹೇಳಿದರು.

“ಆ ವಾರ ಆಗಲ್ಲ,” ಎಂದಳು ಅವಳು ತಕ್ಷಣ. “ಆ ಹೊತ್ತಿಗೆ ಮರಿ ತೀರಾ ಚಿಕ್ಕದಿರುತ್ತೆ. ಅದರ ಮುಂಚಿನ ವಾರ ಬಿಡಿ, ಬಗ್ಗಡ ಹೋದ ಮೇಲೇ ನಾವು ಮರಿ ಹಾಕ್ತೀವಿ.”

ಎಂಜಿನಿಯರು ಅಲ್ಪವಿರಾಮದ ಕಡೆ ನೋಡಿದರು. ಅವಳು ಆಗಲೇ ಕುಳಿತುಕೊಳ್ಳಲು ಜಾಗ ಹುಡುಕುತ್ತಿದ್ದಳು. ಬೋರಲು ಹಾಕಿದ ಒಂದು ದೋಣಿ ಕಂಡಿತು. ಅದರ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಬಲೆಯವಳು. ನಡುವೆ ಎಂಜಿನಿಯರು, ಮಂಡಿಯ ಮೇಲೆ ಹಾಳೆ ಇಟ್ಟುಕೊಂಡು. ಮೀನುಗಾರರು ಒಬ್ಬೊಬ್ಬರಾಗಿ ಹತ್ತಿರ ಬಂದು ಸುತ್ತ ಕೂತರು, ಒಬ್ಬರ ಮಾತಿಗೆ ಒಬ್ಬರು ಅಡ್ಡ ಬಾಯಿ ಹಾಕತೊಡಗಿದರು. ಮೀನಿನ ಅಧಿಕಾರಿ ಬ್ರೆಡ್ಡಿನ ಚೀಲ ಬಿಚ್ಚಿದ. ಅತ್ತೆ ಚಪ್ಪಲಿ ಕಳಚಿಟ್ಟು, ಸೀರೆಯನ್ನು ತುಸು ಮೇಲೆತ್ತಿ, ತಣ್ಣನೆಯ ನೀರಿಗೆ ಕಾಲು ಇಳಿಬಿಟ್ಟರು.